ಬಾಕಿ ಉಳಿದ 19 ಕಿಲೋಮೀಟರ್

ನನ್ನನ್ನು ಇಲ್ಲಿಗೆ ಕರೆದವರಿಗೆ ಫೋನಿನಲ್ಲೇ ಒಂದು ಮಾತು ಹೇಳಿದ್ದೆ: ನೀವು ಕರೆಯುತ್ತಿರುವುದು 100 ಕಿಲೋಮೀಟರ್ ಓಡಿದವಳನ್ನಲ್ಲ, 81 ಕಿಲೋಮೀಟರ್ ಓಡಿ ಕೂತುಬಿಟ್ಟವಳನ್ನು. ಫಲಿತಾಂಶದ ಪಟ್ಟಿಯಲ್ಲಿ ನನ್ನ ಹೆಸರಿನ ಎದುರು ಗಂಟೆ, ನಿಮಿಷ ಯಾವುದೂ ಇಲ್ಲ. ಡಿಎನ್‌ಎಫ್ ಅಂತ ಇದೆ. ಡಿಡ್ ನಾಟ್ ಫಿನಿಶ್, ಮುಗಿಸಲಿಲ್ಲ ಅಂತ. ಅದಕ್ಕವರು, “ಪರವಾಗಿಲ್ಲ ಬನ್ನಿ ಮೇಡಂ, ದುಡ್ಡಂತೂ ಎತ್ತಿದ್ದೀರಲ್ಲ” ಎಂದರು. ಆ ಮಾತು ಖುಷಿ ಕೊಟ್ಟಿತು, ಸ್ವಲ್ಪ ಚುಚ್ಚಿತು ಕೂಡ. ರೋಗಿಗಳನ್ನು ನೋಡಿಕೊಳ್ಳುವ ಒಂದು ಸಂಸ್ಥೆಗೆಂದು, ನನ್ನ ಓಟದ ಹೆಸರಿನಲ್ಲಿ ಎತ್ತಿದ ದುಡ್ಡು ಅದು. ಕೊಟ್ಟವರು 100 ಕಿಲೋಮೀಟರ್ ಅಂದುಕೊಂಡು ಕೊಟ್ಟಿದ್ದರು. ಇವತ್ತಿನ ನನ್ನ ಮಾತೆಲ್ಲ ಆ ಚುಚ್ಚಿದ ಜಾಗದ ಸುತ್ತಮುತ್ತಲೇ ಇರುತ್ತದೆ.

ಮೊದಲು ನಾನು ಓಡಿದ ಅಲ್ಟ್ರಾ ಓಟ ಅಂದರೇನು ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ಮ್ಯಾರಥಾನ್ 42.195 ಕಿಲೋಮೀಟರ್. ಅದನ್ನು ದಾಟಿದ್ದೆಲ್ಲ ಅಲ್ಟ್ರಾಮ್ಯಾರಥಾನ್. 50 ಕಿಲೋಮೀಟರ್‌ನದ್ದೂ ಇದೆ, 100ರದ್ದೂ ಇದೆ, 161 ಕಿಲೋಮೀಟರ್‌ನ ನೂರು ಮೈಲಿಯದ್ದೂ ಇದೆ. ಗ್ರೀಸ್‌ನಲ್ಲಿ ಅಥೆನ್ಸ್‌ನಿಂದ ಸ್ಪಾರ್ಟಾಕ್ಕೆ ಓಡುವ ಸ್ಪಾರ್ಟಾಥ್ಲಾನ್ 246 ಕಿಲೋಮೀಟರ್. ಇಷ್ಟು ದೂರ ಪೂರ್ತಿ ಓಡುತ್ತಾರಾ ಅಂತ ಎಲ್ಲರೂ ಕೇಳುತ್ತಾರೆ. ನನ್ನಂಥವರು ಓಡುವುದಿಲ್ಲ. ಏರು ಬಂದರೆ ನಡೆಯುತ್ತೇವೆ, ತಿನ್ನುತ್ತಾ ನಡೆಯುತ್ತೇವೆ, ಕೊನೆಯಲ್ಲಿ ಸುಮ್ಮನೆ ಕಾಲೆಳೆಯುತ್ತೇವೆ. ನಿಂತುಬಿಡದೆ ಮುಂದಕ್ಕೆ ಹೋಗುತ್ತಿರುವುದಷ್ಟೇ ನಮ್ಮ ಓಟ.

ಆದರೆ ಗಡಿಯಾರ ಬಿಡುವುದಿಲ್ಲ. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟ ಗೊತ್ತಿರಬಹುದು. ಮೊದಲ ಮಹಾಯುದ್ಧದಲ್ಲಿ ಸತ್ತ ಜೊತೆಗಾರ ಸೈನಿಕರ ನೆನಪಿಗೆ ವಿಕ್ ಕ್ಲಾಪಮ್ ಅನ್ನುವವರು 1921ರಲ್ಲಿ ಶುರುಮಾಡಿದ್ದು. ಡರ್ಬನ್‌ಗೂ ಪೀಟರ್‌ಮಾರಿಟ್ಸ್‌ಬರ್ಗ್‌ಗೂ ನಡುವೆ ಸುಮಾರು 90 ಕಿಲೋಮೀಟರ್. ಮೊದಲ ವರ್ಷ ಹೊರಟವರು 34 ಜನ, ಮುಗಿಸಿದವರು 16. ಈಗ ಸಾವಿರಾರು ಜನ ಓಡುತ್ತಾರೆ. ಓಟ ಶುರುವಾಗಿ 12 ಗಂಟೆ ಆಗುತ್ತಿದ್ದಂತೆ ಒಬ್ಬ ಅಧಿಕಾರಿ ಕೊನೆಯ ಗೆರೆಯ ಮೇಲೆ ಓಡಿಬರುವವರಿಗೆ ಬೆನ್ನು ಹಾಕಿ ನಿಂತು ಬಂದೂಕು ಹಾರಿಸುತ್ತಾನೆ. ಬೆನ್ನು ಹಾಕುವುದು ಯಾಕೆಂದರೆ, ಎರಡು ಹೆಜ್ಜೆಯಲ್ಲಿ ಅವಕಾಶ ತಪ್ಪಿದವರ ಮುಖ ಕಂಡರೆ ಕೈ ತಡೆದೀತು ಅಂತ. ಇದನ್ನು ವಿಡಿಯೋದಲ್ಲಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೋಡಿದ ಮೇಲೂ ನನ್ನ 100 ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟೆ, ಅದು ಬೇರೆ ವಿಷಯ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಒಬ್ಬರು ಓಡುವುದಕ್ಕೂ ಇನ್ನೊಬ್ಬರು ಯಾವುದೋ ಸಂಸ್ಥೆಗೆ ದುಡ್ಡು ಕೊಡುವುದಕ್ಕೂ ಏನು ಸಂಬಂಧ? ತರ್ಕಕ್ಕೆ ನೋಡಿದರೆ ಏನೂ ಇಲ್ಲ. ನಾನು ಓಡಲಿ, ಮನೆಯಲ್ಲಿ ಮಲಗಿರಲಿ, ಹಾಸಿಗೆ ಹಿಡಿದ ರೋಗಿಗೆ ನರ್ಸ್ ಬೇಕೇ ಬೇಕು. ಆದರೂ ಓಡಿದರೆ ಜನ ಕೊಡುತ್ತಾರೆ. 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿದ್ದ ಗೂರ್ಖಾ ಸೈನಿಕರು ತಮ್ಮ ತರಬೇತಿಗೆಂದು ಅಲ್ಲಿನ 100 ಕಿಲೋಮೀಟರ್ ಬೆಟ್ಟದ ಹಾದಿಯನ್ನು ಒಂದೇ ಸಮನೆ ಕ್ರಮಿಸುವ ಸ್ಪರ್ಧೆ ಶುರುಮಾಡಿದರು. 1986ರಲ್ಲಿ ಬಡತನದ ವಿರುದ್ಧ ಕೆಲಸ ಮಾಡುವ ಆಕ್ಸ್‌ಫ್ಯಾಮ್ ಸಂಸ್ಥೆ ಜೊತೆಗೂಡಿತು, ಊರ ಜನರನ್ನೂ ಸೇರಿಸಿಕೊಂಡರು. ನಾಲ್ಕು ಜನರ ತಂಡ, 48 ಗಂಟೆ. ಆ ‘ಟ್ರೇಲ್‌ವಾಕರ್’ ಆಮೇಲೆ ಎಷ್ಟೋ ದೇಶಗಳಿಗೆ ಹೋಯಿತು. ಸೈನ್ಯದ ಕಸರತ್ತು ದಾನದ ಹುಂಡಿಯಾಯಿತು ನೋಡಿ.

ಇದಕ್ಕೆ ಮನಶ್ಶಾಸ್ತ್ರದವರು ಒಂದು ಹೆಸರು ಕೊಟ್ಟಿದ್ದಾರೆ, ‘ಹುತಾತ್ಮ ಪರಿಣಾಮ’ ಅಂತ. ಕ್ರಿಸ್ಟೋಫರ್ ಒಲಿವೋಲ ಮತ್ತು ಎಲ್ಡರ್ ಶಫೀರ್ 2013ರಲ್ಲಿ ಪ್ರಕಟಿಸಿದ ಅಧ್ಯಯನ. ದಾನ ಕೊಡುವ ದಾರಿಯಲ್ಲಿ ನೋವು, ಶ್ರಮ ಇದ್ದರೆ ಜನ ಹೆಚ್ಚು ಕೊಡಲು ಮುಂದಾಗುತ್ತಾರೆ ಅಂತ ಅವರು ಪ್ರಯೋಗಗಳಲ್ಲಿ ಕಂಡರು. ಆರಾಮವಾಗಿ ಕೂತು ಉಣ್ಣುವ ಸಹಾಯಾರ್ಥ ಕೂಟಕ್ಕಿಂತ, ಐದು ಮೈಲಿ ಓಡಬೇಕಾದ ಸಹಾಯಾರ್ಥ ಓಟಕ್ಕೆ ಹೆಚ್ಚು. ಕಷ್ಟಪಟ್ಟು ಮಾಡಿದ್ದಕ್ಕೆ ಅರ್ಥ ಹೆಚ್ಚು ಅಂತ ಮನಸ್ಸು ಲೆಕ್ಕ ಹಾಕುತ್ತದೆ. ಹರಕೆ ಹೊತ್ತವರಿಗೆ ಇದನ್ನು ಯಾರೂ ಪ್ರಯೋಗ ಮಾಡಿ ತೋರಿಸಬೇಕಾಗಿಲ್ಲ.

ಆದರೆ ಹೆಚ್ಚು ದೂರ ಓಡಿದರೆ ಹೆಚ್ಚು ದುಡ್ಡು ಅಂತ ತಿಳಿದುಕೊಂಡರೆ ಕೆಟ್ಟಿರಿ. 2020ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಕ್ಯಾಪ್ಟನ್ ಟಾಮ್ ಮೂರ್, ನೂರು ವರ್ಷ ತುಂಬುವುದಕ್ಕೆ ಮುಂಚೆ ತಮ್ಮ ಮನೆಯ 25 ಮೀಟರ್ ಉದ್ದದ ತೋಟವನ್ನು ನೂರು ಸಲ ನಡೆಯುತ್ತೇನೆ ಎಂದರು. ವಾಕರ್ ಹಿಡಿದು. ಒಟ್ಟು ಎರಡೂವರೆ ಕಿಲೋಮೀಟರ್. ಅವರು ಕೇಳಿದ್ದು 1,000 ಪೌಂಡ್. ಬಂದಿದ್ದು 3 ಕೋಟಿ ಪೌಂಡ್‌ಗೂ ಹೆಚ್ಚು. ನಮ್ಮ ಅಲ್ಟ್ರಾ ಓಟಗಾರರೆಲ್ಲ ಸೇರಿ ತಲೆ ತಗ್ಗಿಸಬೇಕು. ಜನ ಕಿಲೋಮೀಟರ್ ಎಣಿಸಲಿಲ್ಲ. ಆ ವಯಸ್ಸಿನ, ಆ ಕಾಲಿನ ಮನುಷ್ಯನಿಗೆ ಆ ತೋಟದ ಒಂದು ಸುತ್ತು ಎಷ್ಟು ಭಾರ ಅನ್ನುವುದನ್ನು ನೋಡಿದರು.

ನನ್ನ ವಿಷಯ ಹೇಳುತ್ತೇನೆ. ನಾನು ಆರಿಸಿಕೊಂಡಿದ್ದು ಒಂದು ಚಿಕ್ಕ ಸಂಸ್ಥೆ. ಆಸ್ಪತ್ರೆಯಿಂದ “ಇನ್ನು ಮನೆಗೆ ಕರ್ಕೊಂಡು ಹೋಗಿ” ಅಂತ ಕಳಿಸಿದ ರೋಗಿಗಳ ಮನೆಗೆ ನರ್ಸ್‌ಗಳನ್ನು ಕಳಿಸುತ್ತದೆ. ನೋವಿನ ಔಷಧ ಕೊಡುವುದು, ಹಾಸಿಗೆ ಹುಣ್ಣು ತೊಳೆಯುವುದು, ಮನೆಯವರಿಗೆ ಮಗ್ಗುಲು ಬದಲಿಸುವುದನ್ನು ಹೇಳಿಕೊಡುವುದು. ನಮ್ಮ ಅಮ್ಮನ ಕೊನೆಯ ಐದು ತಿಂಗಳು ಅವರು ಬಂದಿದ್ದರು. ಅದನ್ನು ಹೆಚ್ಚು ಎಳೆಯುವುದಿಲ್ಲ.

ನಾನು ಹೋಗಿ, “ನಿಮಗೋಸ್ಕರ ನೂರು ಕಿಲೋಮೀಟರ್ ಓಡ್ತೀನಿ” ಎಂದೆ. ಸಂಸ್ಥೆ ನಡೆಸುವ ಅಮ್ಮ ಕುಣಿದಾಡುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಓಡಿ, ಬೇಡ ಅನ್ನಲ್ಲ. ಆದರೆ ಒಂದು ವರ್ಷ ದುಡ್ಡು ಸುರಿದು ಮುಂದಿನ ವರ್ಷ ನಿಂತುಹೋದರೆ ನಾನು ಕೆಲಸಕ್ಕೆ ತಗೊಂಡ ಹುಡುಗಿಗೆ ಏನು ಹೇಳಲಿ?” ಎಂದರು. ನಿಮ್ಮಲ್ಲಿ ಯಾರಾದರೂ ಓಡುವವರಿದ್ದರೆ ಈ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ. ಓಟ ಒಂದು ದಿನದ ಹಬ್ಬ, ಸಂಬಳ ತಿಂಗಳು ತಿಂಗಳು ಕೊಡಬೇಕಾದದ್ದು. ಇನ್ನೊಂದೂ ಹೇಳಿದರು. ಗಾಡಿ ಕೊಡಿಸುತ್ತೇವೆ, ಯಂತ್ರ ಕೊಡಿಸುತ್ತೇವೆ ಅಂತ ಬರುವವರು ಬಹಳ ಜನ, ಅದರ ಮೇಲೆ ಹೆಸರು ಬರೆಸಬಹುದಲ್ಲ. ಗಾಡಿಗೆ ಇಂಧನ, ಆಫೀಸಿನ ಕರೆಂಟ್ ಬಿಲ್ಲು, ಲೆಕ್ಕ ಬರೆಯುವವರ ಸಂಬಳ ಇವಕ್ಕೆ ಕೊಡುವವರೇ ಇಲ್ಲ.

ಹಾಗಾಗಿ ನಾವು ಗುರಿಯನ್ನು ಮೊತ್ತದಲ್ಲಿ ಹೇಳಲಿಲ್ಲ. ‘ಒಬ್ಬ ನರ್ಸ್‌ನ ಹನ್ನೆರಡು ತಿಂಗಳ ಸಂಬಳ’ ಅಂತ ಹೇಳಿದೆವು. ಕೊಡುವವರಿಗೆ ಎರಡು ದಾರಿ: ಒಂದೇ ಸಲ ಕೊಡಿ, ಇಲ್ಲ ತಿಂಗಳಿಗಿಷ್ಟು ಅಂತ ಕೊಡಿ. ಓಟದ ಪ್ರವೇಶ ಶುಲ್ಕ, ಬೂಟು, ಪ್ರಯಾಣ ಎಲ್ಲ ನನ್ನ ಜೇಬಿನಿಂದ. ಇದು ದೊಡ್ಡತನ ಅಲ್ಲ. ಕೆಲವು ದೊಡ್ಡ ಓಟಗಳಲ್ಲಿ ಸಂಸ್ಥೆಗಳೇ ಓಟಗಾರರ ಪ್ರವೇಶಗಳನ್ನು ಕೊಂಡು, ಇಷ್ಟು ದುಡ್ಡು ಎತ್ತಿಕೊಡುತ್ತೇನೆ ಅನ್ನುವವರಿಗೆ ಕೊಡುತ್ತವೆ. ಅದೂ ಸರಿಯೇ, ಮುಚ್ಚಿಡದೆ ಹೇಳಿದರೆ. ಕೊಟ್ಟ ನೂರರಲ್ಲಿ ಎಷ್ಟು ಓಟಕ್ಕೆ ಹೋಯಿತು, ಎಷ್ಟು ರೋಗಿಗೆ ಹೋಯಿತು ಅಂತ ದಾನಿ ಕೇಳುವ ಮೊದಲೇ ಹೇಳಬೇಕು.

ಆಮೇಲೆ ಕೇಳುವ ಕೆಲಸ. ಅಯ್ಯೋ, ಓಡುವುದೇ ವಾಸಿ. ಇನ್ನೂರು ಜನರಿಗೆ ಒಂದೇ ಸಂದೇಶ ಕಳಿಸಿದೆ. ‘ಆತ್ಮೀಯರೇ, ನಾನು ಒಂದು ಮಹತ್ಕಾರ್ಯಕ್ಕಾಗಿ’ ಅಂತ ಶುರುವಾಗುವ ಸಂದೇಶ. ಈಗ ನೆನೆಸಿಕೊಂಡರೆ ನಾಚಿಕೆ. ಮೂರು ದಿನಕ್ಕೆ ನಾಲ್ಕು ಜನ ಕೊಟ್ಟರು, ಅದರಲ್ಲಿ ಒಬ್ಬ ನನ್ನ ತಮ್ಮ. ಮಿಕ್ಕವರು ಮುಗಿದ ಕೈಗಳ ಚಿತ್ರ ಕಳಿಸಿದರು. ಬಹಳ ಜನ ಆ ನಮಸ್ಕಾರದ ಚಿತ್ರವನ್ನೇ ದಾನ ಅಂದುಕೊಂಡಿರುತ್ತಾರೆ.

ಆಫೀಸಿನಲ್ಲಿ ನನ್ನ ಪಕ್ಕ ಕೂರುವವರು ಮುಖಕ್ಕೇ ಹೇಳಿದರು: “ಓಡೋ ಚಟ ನಿಂದು, ದುಡ್ಡು ನಂದಾ?” ಅವತ್ತು ಉರಿದುಹೋಯಿತು. ಸಂಜೆ ಮನೆಗೆ ಹೋಗಿ ಯೋಚಿಸಿದರೆ, ಕೇಳಿದ್ದು ನ್ಯಾಯವಾಗಿಯೇ ಇತ್ತು. ನನ್ನ ಸಂದೇಶದಲ್ಲಿ ನಾನೇ ತುಂಬಿಕೊಂಡಿದ್ದೆ. ನನ್ನ ತಯಾರಿ, ನನ್ನ ಮಂಡಿ, ನನ್ನ ಬೆಳಗಿನ ನಾಲ್ಕು ಗಂಟೆ. ರೋಗಿ ಕೊನೆಯ ಸಾಲಿನಲ್ಲಿದ್ದ, ಬಾಗಿಲ ಹೊರಗೆ ನಿಂತವನ ಹಾಗೆ.

ಇಲ್ಲಿ ಇನ್ನೊಂದು ಪ್ರಯೋಗದ ಮಾತು. 2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಪ್ರಕಟಿಸಿದ್ದು. ಜನರ ಕೈಗೆ ಐದು ಡಾಲರ್ ಕೊಟ್ಟು, ಇದರಲ್ಲಿ ಎಷ್ಟು ಬೇಕಾದರೂ ದಾನ ಮಾಡಿ ಎಂದರು. ಕೆಲವರಿಗೆ ಆಫ್ರಿಕಾದಲ್ಲಿ ಹಸಿದಿರುವ ಲಕ್ಷಾಂತರ ಜನರ ಅಂಕಿ ಅಂಶ ತೋರಿಸಿದರು. ಕೆಲವರಿಗೆ ರೊಕಿಯಾ ಅನ್ನುವ ಏಳು ವರ್ಷದ ಒಬ್ಬ ಹುಡುಗಿಯ ಕಥೆ. ಅಂಕಿ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು, ರೊಕಿಯಾಳ ಬಗ್ಗೆ ಓದಿದವರು 2.38. ಎರಡನ್ನೂ ಒಟ್ಟಿಗೆ ತೋರಿಸಿದಾಗ ದಾನ ಜಾಸ್ತಿಯಾಗಬೇಕಲ್ಲವೇ? ರೊಕಿಯಾಳ ಕಥೆ ಮಾತ್ರ ಓದಿದವರಿಗಿಂತ ಕಡಿಮೆಯಾಯಿತು. ಅಂಕಿಗಳು ಹುಡುಗಿಯನ್ನು ಮುಚ್ಚಿಬಿಟ್ಟವು.

ಇದನ್ನು ಓದಿದ ಮೇಲೆ ಒಂದು ಎಚ್ಚರಿಕೆಯೂ ಬೇಕು. ಕಥೆ ಕೆಲಸ ಮಾಡುತ್ತದೆ ಅಂತ ಯಾರದೋ ಹಾಸಿಗೆಯ ಫೋಟೋ ತೆಗೆದು ಹಂಚುವುದು ನನ್ನ ಮಟ್ಟಿಗೆ ತಪ್ಪು. ಆ ಮನುಷ್ಯನಿಗೆ ಬೇಡ ಅನ್ನುವ ಶಕ್ತಿ ಇರುವುದಿಲ್ಲ. ನನಗೆ ಹೇಳುವ ಹಕ್ಕಿದ್ದದ್ದು ನಮ್ಮ ಅಮ್ಮನ ಕಥೆ ಒಂದೇ. ಹಳೆಯ ಸಂದೇಶ ಹರಿದು ಹಾಕಿ ಹೊಸದಾಗಿ ಬರೆದೆ. ರಾತ್ರಿ ಎರಡು ಗಂಟೆಗೆ ನರ್ಸ್‌ಗೆ ಫೋನ್ ಮಾಡಿದ್ದು, ಆಕೆ ಬಂದು ಅಮ್ಮನ ಹಿಮ್ಮಡಿಯ ಕೆಳಗೆ ಮಡಿಸಿದ ಟವೆಲ್ ಇಟ್ಟು ಕಾಲು ಸ್ವಲ್ಪ ಎತ್ತರ ಮಾಡಿದ್ದು, ಅಷ್ಟಕ್ಕೇ ಅಮ್ಮ ನಿದ್ದೆ ಹೋದದ್ದು. ಆರು ಸಾಲು. ಇನ್ನೂರು ಜನರಿಗೆ ಒಟ್ಟಿಗೆ ಕಳಿಸಲಿಲ್ಲ, ದಿನಕ್ಕೆ ಹತ್ತು ಜನರಿಗೆ, ಹೆಸರು ಹಿಡಿದು, “ಕೊಡಲು ಆಗದಿದ್ದರೆ ಉತ್ತರ ಬರೆಯುವ ಸಂಕೋಚವೂ ಬೇಡ” ಅಂತ ಸೇರಿಸಿ ಕಳಿಸಿದೆ. ದುಡ್ಡು ಬರತೊಡಗಿತು.

ಮೊದಲು ಯಾರನ್ನು ಕೇಳುತ್ತೀರಿ ಅನ್ನುವುದೂ ಮುಖ್ಯ. ಲಂಡನ್ ಮ್ಯಾರಥಾನ್ ಓಟಗಾರರ ದೇಣಿಗೆ ಪುಟಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು ಇದನ್ನು ಕಂಡಿದ್ದಾರೆ: ಹಿಂದಿನವರು ದೊಡ್ಡ ಮೊತ್ತ ಕೊಟ್ಟಿದ್ದರೆ ಮುಂದೆ ಬರುವವರೂ ಕೈ ಸಡಿಲಿಸುತ್ತಾರೆ, ಚಿಕ್ಕದು ಕಂಡರೆ ತಾವೂ ಇಳಿಸುತ್ತಾರೆ. ಮದುವೆ ಮನೆಯಲ್ಲಿ ಮುಯ್ಯಿ ಬರೆಸುವಾಗ ಮೇಲಿನ ಸಾಲಿನ ಮೇಲೆ ಕಣ್ಣು ಹಾಯಿಸುತ್ತೀರಲ್ಲ, ಅದೇ. ನನ್ನ ತಮ್ಮ ಮೊದಲಿಗನಾಗಿ ಬಹಳ ಚಿಕ್ಕ ಮೊತ್ತ ಕೊಟ್ಟಿದ್ದ. ಅದಕ್ಕೆ ಅವನನ್ನು ಇವತ್ತಿಗೂ ಬೈಯುತ್ತೇನೆ.

ಒಟ್ಟು 112 ಜನ ಕೊಟ್ಟರು. ಹನ್ನೆರಡು ಜನ ಹೆಸರು ಬೇಡ ಎಂದರು. ಉಳಿದ ನೂರು ಹೆಸರುಗಳನ್ನು ಚೀಟಿ ಎತ್ತಿ, ಒಂದೊಂದು ಕಿಲೋಮೀಟರ್‌ಗೆ ಒಬ್ಬೊಬ್ಬರು ಅಂತ ಒಂದು ಹಾಳೆಯಲ್ಲಿ ಬರೆದೆ. ಬೆವರಿಗೆ ನೆನೆಯದಿರಲಿ ಅಂತ ಪ್ಲಾಸ್ಟಿಕ್ ಹೊದಿಸಿ ಜೇಬಿನಲ್ಲಿಟ್ಟುಕೊಂಡೆ. ಇವರಲ್ಲದೆ ಒಬ್ಬರಿದ್ದರು, ನನಗೆ ಶಾಲೆಯಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟ್ರು. ಈಗ 76. ಅವರು ಇಡಿಯಾಗಿ ಕೊಡಲು ಒಪ್ಪಲಿಲ್ಲ. “ಕಿಲೋಮೀಟರ್‌ಗೆ ಇಷ್ಟು. ಓಡಿದಷ್ಟಕ್ಕೆ ಕೊಡ್ತೀನಿ. ಲೆಕ್ಕ ಅಂದ್ರೆ ಲೆಕ್ಕ ಕಣಮ್ಮ” ಎಂದರು.

ತಯಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದಕ್ಕೆ ಬೇಕಾದಷ್ಟು ತರಬೇತುದಾರರಿದ್ದಾರೆ. ಒಂದು ವರ್ಷ ಬೇಕು. ಶನಿವಾರ ದೂರ ಓಡಿ, ಭಾನುವಾರ ಅದೇ ದಣಿದ ಕಾಲಿನಲ್ಲಿ ಮತ್ತೆ ಓಡಬೇಕು. ಇಳಿಜಾರನ್ನು ಹಗುರವಾಗಿ ತಗೊಳ್ಳಬೇಡಿ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಅದರ ಎಳೆಗಳು ಹರಿಯುವುದು ಅಲ್ಲೇ. ಹೊತ್ತು ಕಳೆದಂತೆ ಪಾದ ಊದುತ್ತದೆ, ಬೂಟು ಅರ್ಧ ಸೈಜಾದರೂ ದೊಡ್ಡದಿರಲಿ. ಉಜ್ಜುವ ಕಡೆಯೆಲ್ಲ ವ್ಯಾಸಲೀನ್. ನೋವಿಗೆ ಇಬುಪ್ರೊಫೆನ್ ನುಂಗಿ ಓಡಬೇಡಿ, ನೀರು ಕಡಿಮೆಯಾದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಪೆಟ್ಟು.

ವೇಗದ ವಿಷಯದಲ್ಲಿ ನನ್ನ ಗುರು ಕ್ಲಿಫ್ ಯಂಗ್. ಆಸ್ಟ್ರೇಲಿಯಾದ ಆಲೂಗಡ್ಡೆ ಬೆಳೆಗಾರ. 1983ರಲ್ಲಿ, 61ನೇ ವಯಸ್ಸಿನಲ್ಲಿ, ಸಿಡ್ನಿಯಿಂದ ಮೆಲ್ಬರ್ನ್‌ಗೆ 875 ಕಿಲೋಮೀಟರ್ ಓಟಕ್ಕೆ ಬಂದು ನಿಂತರು. ಉಳಿದವರೆಲ್ಲ ಹೆಸರಾಂತ ಓಟಗಾರರು. ಇವರ ಹೆಜ್ಜೆ ನೋಡಿದರೆ ನಗು ಬರಬೇಕು, ಚಪ್ಪಲಿ ಎಳೆದುಕೊಂಡು ಹೋಗುವವರ ಹಾಗೆ, ಪಾದ ನೆಲ ಬಿಟ್ಟು ಏಳುವುದೇ ಇಲ್ಲ. ಮಿಕ್ಕವರು ಮಲಗಿದಾಗ ಇವರು ಹಾಗೇ ಕಾಲೆಳೆಯುತ್ತಾ ಮುಂದೆ ಹೋದರು. ಐದು ದಿನ, 15 ಗಂಟೆ ಚಿಲ್ಲರೆಯಲ್ಲಿ ತಲುಪಿ ಗೆದ್ದರು. 10,000 ಡಾಲರ್ ಬಹುಮಾನವನ್ನು ಜೊತೆಯ ಓಟಗಾರರಿಗೆ ಹಂಚಿಬಿಟ್ಟರು. ವಿಷಯಾಂತರವಾಯಿತು, ಆದರೆ ಈ ಮನುಷ್ಯನ ಬಗ್ಗೆ ಹೇಳದೆ ನನಗೆ ವೇದಿಕೆ ಇಳಿಯಲು ಆಗುವುದಿಲ್ಲ.

ಓಟದ ದಿನಕ್ಕೆ ಬರುತ್ತೇನೆ. ಬೆಳಗ್ಗೆ ಆರಕ್ಕೆ ಶುರು, ಮಧ್ಯರಾತ್ರಿಗೆ ಕೊನೆ. 18 ಗಂಟೆ. ಮೊದಲ 50 ಕಿಲೋಮೀಟರ್ ಚೆನ್ನಾಗಿತ್ತು. ಪ್ರತಿ ಕಿಲೋಮೀಟರ್‌ಗೆ ಹಾಳೆ ತೆಗೆದು ಹೆಸರು ಓದುತ್ತಿದ್ದೆ. 23ನೆಯದು ನಮ್ಮ ಸೋದರತ್ತೆ, 41 ನನ್ನ ಹಲ್ಲಿನ ಡಾಕ್ಟರು. ಬಿಸಿಲು ಏರಿತು. ಬಿಸಿಲಿಗೆ ನೀರು ಕುಡಿಯಬೇಕು ಅಂತ ಎಲ್ಲರೂ ಹೇಳಿದ್ದರಲ್ಲ, ಕುಡಿದೆ. ದಾರಿಯಲ್ಲಿ ನೀರು, ತಿಂಡಿ ಇಟ್ಟಿರುವ ಪ್ರತಿ ಏಡ್ ಸ್ಟೇಷನ್‌ನಲ್ಲಿ ಎರಡು ಲೋಟ, ಕೈಯಲ್ಲೊಂದು ಬಾಟಲಿ. ಮೇಜಿನ ಮೇಲೆ ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ ಇಟ್ಟಿದ್ದರು. ವಾಕರಿಕೆ ಅಂತ ಅದನ್ನು ಮುಟ್ಟಲಿಲ್ಲ. ದೂರದ ಓಟದಲ್ಲಿ ರಕ್ತವೆಲ್ಲ ಕಾಲಿಗೆ, ಚರ್ಮಕ್ಕೆ ಹರಿದು ಹೊಟ್ಟೆಗೆ ಕಡಿಮೆಯಾಗುತ್ತದೆ, ತಿಂದದ್ದು ಒಳಗೆ ಕಲ್ಲಿನ ಹಾಗೆ ಕೂರುತ್ತದೆ. ವಾಕರಿಕೆಗೆ ಮದ್ದು ಅಂತ ಇನ್ನಷ್ಟು ನೀರು.

70 ದಾಟಿದ ಮೇಲೆ ತಲೆ ಸಿಡಿಯತೊಡಗಿತು. ಹೆಡ್‌ಲ್ಯಾಂಪ್ ಹಾಕಿಕೊಂಡೆ. ಹಾಳೆಯ ಮೇಲಿನ ಅಕ್ಷರ ಓದಲು ಆಗುತ್ತಿತ್ತು, ಆದರೆ ಆ ಹೆಸರು ಯಾರದು ಅಂತ ಹೊಳೆಯುತ್ತಿರಲಿಲ್ಲ. 81ನೇ ಕಿಲೋಮೀಟರ್‌ನಲ್ಲಿ ನನ್ನ ತಮ್ಮ ಕಾಯುತ್ತಿದ್ದ. ರಾತ್ರಿ ಒಂಬತ್ತಾಗಿತ್ತು. ಬಾಟಲಿ ತುಂಬಿಸಲು ನನ್ನ ಕೈಯಿಂದ ಈಸಿಕೊಂಡವನು ಹಾಗೇ ನಿಂತ. “ಅಕ್ಕಾ, ನಿನ್ನ ಬೆರಳು ನೋಡು” ಎಂದ. ಉಂಗುರದ ಎರಡೂ ಬದಿಯಲ್ಲಿ ಮಾಂಸ ಉಬ್ಬಿ, ಉಂಗುರ ಕಾಣಿಸದ ಹಾಗೆ ಆಗಿತ್ತು. ಅವನು ನನ್ನನ್ನು ಡಾಕ್ಟರ್ ಕೂತಿದ್ದ ಡೇರೆಗೆ ಎಳೆದುಕೊಂಡು ಹೋದ.

ಆಕೆ ಚಿಕ್ಕ ವಯಸ್ಸಿನ ಡಾಕ್ಟರ್. ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಬೆಳಗ್ಗೆ ನನ್ನ ಬಿಬ್‌ನ, ಅಂದರೆ ಎದೆಗೆ ಸಿಕ್ಕಿಸಿದ ನಂಬರ್ ಚೀಟಿಯ, ಹಿಂದೆ ಬರೆದಿದ್ದ ತೂಕಕ್ಕಿಂತ ಒಂದೂವರೆ ಕೆಜಿ ಹೆಚ್ಚು. 15 ಗಂಟೆ ಓಡಿ ತೂಕ ಹೆಚ್ಚಾದರೆ ಅದು ಕೊಬ್ಬಲ್ಲ, ನೀರು. ಕೊನೆಯ ಸಲ ಮೂತ್ರಕ್ಕೆ ಹೋಗಿದ್ದು ಯಾವಾಗ ಎಂದು ಕೇಳಿದರು. ನನಗೆ ನೆನಪಿಗೇ ಬರಲಿಲ್ಲ. ಇದಕ್ಕೆ ಹೈಪೊನೆಟ್ರೀಮಿಯ ಅನ್ನುತ್ತಾರೆ. ಓಟದ ಒತ್ತಡದಲ್ಲಿ ದೇಹ ನೀರನ್ನು ಹಿಡಿದಿಡುವ ಹಾರ್ಮೋನ್ ಸುರಿಸುತ್ತದೆ, ಮೂತ್ರ ಇಳಿಯುವುದಿಲ್ಲ, ಕುಡಿದದ್ದು ಒಳಗೇ ಉಳಿದು ರಕ್ತದ ಸೋಡಿಯಂ ತೆಳುವಾಗುತ್ತದೆ. ಮೀರಿದರೆ ಮಿದುಳು ಊದಿಕೊಳ್ಳುತ್ತದೆ. ಸತ್ತವರಿದ್ದಾರೆ. ಇದು ಅಪರೂಪದ ಕಾಯಿಲೆ ಅಂದುಕೊಳ್ಳಬೇಡಿ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಗೆರೆ ದಾಟಿದ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ಬಾಯಾರಿದಾಗ ಕುಡಿಯಿರಿ, ಬಾಯಾರದೆ ಕುಡಿಯಬೇಡಿ. ಇಷ್ಟು ಸರಳ ಮಾತು ನನ್ನ ವರ್ಷದ ತಯಾರಿಯಲ್ಲಿ ಎಲ್ಲೂ ಇರಲಿಲ್ಲ.

ನಾನು ಡಾಕ್ಟರ್ ಹತ್ತಿರ ವಾದ ಮಾಡಿದೆ. ಹಾಳೆ ತೆಗೆದು ತೋರಿಸಿದೆ. “ಇನ್ನೂ ಹತ್ತೊಂಬತ್ತು ಜನ ಇದ್ದಾರೆ, ದುಡ್ಡು ತಗೊಂಡಿದ್ದೀನಿ” ಎಂದೆ. ಆಕೆ ಹಾಳೆಯನ್ನು ಈಸಿಕೊಂಡು ನಿಜವಾಗಿಯೂ ಓದಿದರು, 82ರಿಂದ 100ರವರೆಗೆ. ಆಮೇಲೆ, “ಇವರಲ್ಲಿ ಯಾರಿಗೆ ಫೋನ್ ಮಾಡಿ ನೀವು ಇಲ್ಲಿ ಬಿದ್ದಿರಿ ಅಂತ ಹೇಳಲಿ?” ಎಂದು ಕೇಳಿದರು. ನಾನು ಕೂತೆ. ಒಂದು ಕಪ್ ಉಪ್ಪುಪ್ಪಾದ ಸಾರು ಕೊಟ್ಟರು, ಒಂದು ತೊಟ್ಟೂ ನೀರು ಕೊಡಲಿಲ್ಲ. ತಮ್ಮ ನನ್ನ ಬಿಬ್‌ನ ನಾಲ್ಕು ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿ ಮಡಿಸಿ ಜೇಬಿಗೆ ಹಾಕಿಕೊಂಡ.

ಈಗ ನಿಮ್ಮಲ್ಲಿ ಒಬ್ಬರು ಕೇಳಿದರು, ಮುಗಿಸದೆ ಹೋದರೆ ದುಡ್ಡು ಹಿಂದಕ್ಕೆ ಕೊಡಬೇಕಾ ಅಂತ. ಅದಕ್ಕೆ ಟೆರ್ರಿ ಫಾಕ್ಸ್ ಬಗ್ಗೆ ಹೇಳಬೇಕು. ಕೆನಡಾದ ಹುಡುಗ. 1977ರಲ್ಲಿ ಮೂಳೆ ಕ್ಯಾನ್ಸರ್‌ಗೆ ಬಲಗಾಲು ಮಂಡಿಯ ಮೇಲಕ್ಕೆ ಕತ್ತರಿಸಿಹಾಕಿದರು. 1980ರ ಏಪ್ರಿಲ್ 12ರಂದು ಸೇಂಟ್ ಜಾನ್ಸ್‌ನಿಂದ, ಕೃತಕ ಕಾಲಿನಲ್ಲಿ, ದೇಶದ ಉದ್ದಕ್ಕೂ ಓಡಲು ಹೊರಟ. ದಿನಕ್ಕೆ ಸುಮಾರು ಒಂದು ಮ್ಯಾರಥಾನ್. ಕ್ಯಾನ್ಸರ್ ಸಂಶೋಧನೆಗೆ ಪ್ರತಿಯೊಬ್ಬ ಕೆನಡಾದವನಿಂದ ಒಂದೊಂದು ಡಾಲರ್ ಎತ್ತಬೇಕು ಅಂತ ಅವನ ಆಸೆ. ಮೊದಮೊದಲು ಅವನನ್ನು ಕೇಳುವವರೇ ಇರಲಿಲ್ಲ. ಪೋರ್ಟ್ ಆ ಬಾಸ್ಕ್ ಅನ್ನುವ ಊರಿಗೆ ಬಂದಾಗ ಅಲ್ಲಿನ ಹತ್ತು ಸಾವಿರ ಜನ ಹತ್ತು ಸಾವಿರ ಡಾಲರ್ ಕೂಡಿಸಿ ಕೊಟ್ಟರು. ತನ್ನ ಲೆಕ್ಕ ಸುಳ್ಳಲ್ಲ ಅಂತ ಅಲ್ಲಿ ಅವನಿಗೆ ಗೊತ್ತಾಯಿತು.

143 ದಿನ, 5,373 ಕಿಲೋಮೀಟರ್. ಸೆಪ್ಟೆಂಬರ್ 1ರಂದು ಥಂಡರ್ ಬೇ ಹೊರವಲಯದಲ್ಲಿ ಎದೆನೋವು, ಕೆಮ್ಮು ತಡೆಯಲಾಗದೆ ನಿಂತ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತ್ತು. ಅವನೂ ಮುಗಿಸಲಿಲ್ಲ, ಗಮನಿಸಿ. ಅವನು ನಿಂತ ಮೇಲೆ ದುಡ್ಡು ನಿಲ್ಲಲಿಲ್ಲ. 1981ರ ಫೆಬ್ರವರಿ ಹೊತ್ತಿಗೆ 2.4 ಕೋಟಿ ಡಾಲರ್ ದಾಟಿತ್ತು, ಅಂದರೆ ಆಗಿನ ಕೆನಡಾದ ಜನಸಂಖ್ಯೆಯಷ್ಟು. ಆ ಜೂನ್‌ನಲ್ಲಿ 22ನೇ ವಯಸ್ಸಿಗೆ ತೀರಿಕೊಂಡ. ಅವನ ಹೆಸರಿನ ಓಟಗಳು ಈಗಲೂ ಪ್ರತಿ ವರ್ಷ ನಡೆಯುತ್ತಿವೆ. ನಾನು ಅವನ ಪಕ್ಕ ನಿಲ್ಲುವವಳಲ್ಲ. ಅವನದು ಕ್ಯಾನ್ಸರ್, ನನ್ನದು ನನ್ನ ದಡ್ಡತನದ ನೀರು. ಆದರೂ ಆ ರಾತ್ರಿ ಮನೆಗೆ ಬರುವಾಗ ಕಾರಿನಲ್ಲಿ ನೆನಪಾಗಿದ್ದು ಅವನೇ.

ಮಾರನೆಯ ದಿನ 112 ಜನರಿಗೂ ಬರೆದೆ. “81ನೇ ಕಿಲೋಮೀಟರ್‌ನಲ್ಲಿ ನಿಂತೆ. ನೀರು ಹೆಚ್ಚಾಗಿ ಕುಡಿದದ್ದು ನನ್ನ ತಪ್ಪು. ನೀವು ಕೊಟ್ಟದ್ದು ಸಂಸ್ಥೆಗೆ ಸೇರಿದೆ. ನಾನು ಮುಗಿಸಿದರೆ ಮಾತ್ರ ಅಂತ ಕೊಟ್ಟಿದ್ದರೆ ತಿಳಿಸಿ, ಅಷ್ಟನ್ನು ನನ್ನ ಕೈಯಿಂದ ನಿಮಗೆ ಹಿಂತಿರುಗಿಸುತ್ತೇನೆ.” ಯಾರೂ ಕೇಳಲಿಲ್ಲ. ಒಬ್ಬರು ಮಾತ್ರ ಉದ್ದಕ್ಕೆ ಬೈದು ಬರೆದರು, ಮಕ್ಕಳಿರುವ ಹೆಂಗಸು ಹೀಗೆ ಜೀವ ಪಣಕ್ಕಿಡಬಾರದು ಅಂತ. ನಮ್ಮ ಸೋದರತ್ತೆ ಫೋನ್ ಮಾಡಿ, “ನೀನು ಓಡಿದ್ಯೋ ಬಿಟ್ಯೋ ನಂಗೇನೇ? ನೀನು ಕೇಳಿದೆ, ಕೊಟ್ಟೆ” ಎಂದರು. ನಾನು ಒಂದು ವರ್ಷ ಓಟವನ್ನೇ ದೊಡ್ಡದು ಅಂದುಕೊಂಡಿದ್ದೆ. ಅತ್ತೆಗೆ ಅದು ಕೇಳುವುದಕ್ಕೆ ನಾನು ಹುಡುಕಿಕೊಂಡ ಒಂದು ನೆಪ ಅಷ್ಟೇ ಆಗಿತ್ತು. ಪಕ್ಕದ ಸೀಟಿನವರು, ಚಟ ಎಂದವರು, ಆಗಲೂ ಕೊಡಲಿಲ್ಲ, ಈಗಲೂ ಕೊಟ್ಟಿಲ್ಲ. ದಿನಾ ಒಟ್ಟಿಗೆ ಊಟ ಮಾಡುತ್ತೇವೆ.

ಲೆಕ್ಕದ ಮಾತೊಂದನ್ನು ಹೇಳಿ ಮುಂದೆ ಹೋಗುತ್ತೇನೆ. ಕ್ಯಾಪ್ಟನ್ ಟಾಮ್ ಎತ್ತಿದ ಆ 3 ಕೋಟಿ ಆರೋಗ್ಯ ಸೇವೆಯ ದತ್ತಿಗಳಿಗೆ ಸರಿಯಾಗಿ ತಲುಪಿತು. ಆದರೆ ಆಮೇಲೆ ಅವರ ಹೆಸರಿನಲ್ಲಿ ಶುರುವಾದ ಪ್ರತ್ಯೇಕ ಪ್ರತಿಷ್ಠಾನದಿಂದ ಕುಟುಂಬದವರಿಗೆ ವೈಯಕ್ತಿಕ ಲಾಭವಾಯಿತು ಅಂತ ದತ್ತಿ ಸಂಸ್ಥೆಗಳ ಮೇಲೆ ಕಣ್ಣಿಡುವ ಬ್ರಿಟನ್ನಿನ ಚಾರಿಟಿ ಕಮಿಷನ್ 2024ರಲ್ಲಿ ವರದಿ ಕೊಟ್ಟಿತು. ಎರಡೂ ಬೇರೆ ಬೇರೆ ಅಂತ ಎಷ್ಟು ಜನ ಬಿಡಿಸಿ ನೋಡುತ್ತಾರೆ? ಅದಕ್ಕೇ ನಾನು ಒಂದು ಕಾಸನ್ನೂ ನನ್ನ ಖಾತೆಗೆ ಹಾಕಿಸಿಕೊಳ್ಳಲಿಲ್ಲ. ಎಲ್ಲ ನೇರ ಸಂಸ್ಥೆಗೆ, ರಸೀದಿ ಅವರಿಂದ. ಆರು ತಿಂಗಳಿಗೊಮ್ಮೆ ಒಂದು ಪುಟ ಬರೆದು ಕಳಿಸುತ್ತೇನೆ: ನರ್ಸ್ ಎಷ್ಟು ಮನೆಗೆ ಹೋದರು, ಎಷ್ಟು ತಿಂಗಳ ಸಂಬಳ ಆಯಿತು, ಎಷ್ಟು ಉಳಿದಿದೆ. 14 ತಿಂಗಳ ಸಂಬಳ ಕೂಡಿತ್ತು. ತಿಂಗಳಿಗಿಷ್ಟು ಅಂತ ಒಪ್ಪಿದವರಲ್ಲಿ 17 ಜನ ಇನ್ನೂ ಕೊಡುತ್ತಿದ್ದಾರೆ. ಸಂಸ್ಥೆಯ ಅಮ್ಮ ಆ 17ನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ, ನನ್ನ 81 ಅವರಿಗೆ ಮರೆತೇಹೋಗಿದೆ.

ಮೇಷ್ಟ್ರು ಉಳಿದರು. ಹೇಳಿದ ಹಾಗೆ 81 ಕಿಲೋಮೀಟರ್‌ನ ದುಡ್ಡನ್ನು ಸಂಸ್ಥೆಗೆ ಕಟ್ಟಿದ್ದರು. ಎರಡು ತಿಂಗಳ ಮೇಲೆ ಅವರ ಮನೆಗೆ ಹೋದಾಗ ಪಂಚಾಂಗದ ಹಿಂದಿನಿಂದ ಒಂದು ಲಕೋಟೆ ತೆಗೆದರು. ಮೇಲೆ ಪೆನ್ಸಿಲ್‌ನಲ್ಲಿ ‘19’ ಅಂತ ಬರೆದಿತ್ತು. “ಎತ್ತಿಟ್ಟಿದ್ದೀನಿ. ಯಾವಾಗ?” ಎಂದರು. ನಾನು, ಹೋಗಲಿ ಬಿಡಿ ಮೇಷ್ಟ್ರೇ, ಹಾಗೇ ಕೊಟ್ಟುಬಿಡಿ ಎಂದೆ. ಅವರು ಲಕೋಟೆಯನ್ನು ಮತ್ತೆ ಅಲ್ಲೇ ಸಿಕ್ಕಿಸಿದರು.

ಒಂದು ಭಾನುವಾರ ಬೆಳಗ್ಗೆ ಇಬ್ಬರೂ ಮೈದಾನಕ್ಕೆ ಹೋದೆವು. 400 ಮೀಟರ್‌ನ ಟ್ರ್ಯಾಕ್. 19 ಕಿಲೋಮೀಟರ್ ಅಂದರೆ ನಲವತ್ತೇಳೂವರೆ ಸುತ್ತು. ಅವರೊಂದು ಮಡಿಸುವ ಕುರ್ಚಿ ತಂದಿದ್ದರು, ಒಂದು ಸ್ಲೇಟು, ಬಳಪ. ಸುತ್ತಿಗೊಂದು ಗೀಟು, ಐದಕ್ಕೊಂದು ಅಡ್ಡಗೀಟು. ಪ್ಲಾಸ್ಟಿಕ್ ಹೊದಿಸಿದ ಹಾಳೆಯೂ ಅವರ ತೊಡೆಯ ಮೇಲೆ. ಎರಡೂವರೆ ಸುತ್ತಿಗೊಮ್ಮೆ ನನಗೆ ಕೇಳುವ ಹಾಗೆ ಒಂದೊಂದು ಹೆಸರು ಕೂಗುತ್ತಿದ್ದರು, ಹಾಜರಿ ಕರೆದ ಹಾಗೆ. ಬಾಯಾರಿದಾಗ ಮಾತ್ರ ಕುಡಿದೆ. 47 ಮುಗಿದಾಗ ಅವರ ಎದುರು ಬಂದು ನಿಲ್ಲಲು ಹೋದೆ. “ಇನ್ನೂ ಅರ್ಧ ಇದೆ” ಎಂದು ಸ್ಲೇಟು ಎತ್ತಿ ತೋರಿಸಿದರು. ಆ ಅರ್ಧ ಸುತ್ತು ಓಡಿದರೆ ನಾನು ಮೈದಾನದ ಆಚೆ ಬದಿಯಲ್ಲಿ, ಅವರು ಈಚೆ ಬದಿಯಲ್ಲಿ. ನಾನು ಮಂಡಿ ಹಿಡಿದು ಬಗ್ಗಿ ನಿಂತೆ. ಮೇಷ್ಟ್ರು ಕುರ್ಚಿಯಿಂದ ಎದ್ದು, ಸ್ಲೇಟನ್ನು ಕಂಕುಳಲ್ಲಿಟ್ಟುಕೊಂಡು, ಹುಲ್ಲಿನ ಮೇಲೆ ಅಡ್ಡಲಾಗಿ ನಿಧಾನಕ್ಕೆ ನಡೆದು ಬಂದರು. ಲಕೋಟೆ ಕೈಗಿಟ್ಟು, “ರಸೀದಿ ಮರೀಬೇಡಮ್ಮ” ಎಂದರು.